ಭಾವ, ಗಾಲ್ಫ್ ಸ್ಟಿಕ್ ಮಾರ್ಲಿಕ್ಕೆ ಹೋಗ್ಬೇಡಿ

ಭಾವ, ನಿನ್ನೆ ರಾತ್ರಿ ನೀವು ಗ್ರೂಪಲ್ಲಿ ಹಾಕಿದ್ದನ್ನು ಈಗ ನೋಡಿದೆ. ಬೆಳಗ್ಗಿನಿಂದ ಕ್ಲಿನಿಕ್ಕಲ್ಲಿ ಉಸಿರಾಡ್ಲಿಕ್ಕೆ ಪುರುಸೊತ್ತಿಲ್ಲ. ಗಾಲ್ಫ್ ಆಡಿ ಬಂದ ಮರುದಿನ ಸೊಂಟದ ಬಲಬದಿ ಹಿಡಿತದೆ, ಎರಡು ಮೂರು ದಿನದಲ್ಲಿ ಬಿಡ್ತದೆ, ಪುನಃ ಆಡಿದ್ರೆ ಪುನಃ ಅದೇ, ಎಂಆರ್‌ಐಯಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್, ಅಂದ್ರೆ ಸೊಂಟದ ನಾಲ್ಕನೇ ಐದನೇ ಎಲುಬಿನ ನಡುವಿನ ಮೆತ್ತೆ ಚೂರು ಹೊರಗೆ ಉಬ್ಬಿದೆ, ಅಂತ ಬರೆದಿದ್ದಾರೆ. ಇಷ್ಟೇ ಅಲ್ವಾ? ಅದಕ್ಕೆ ಚಿಕ್ಕಪ್ಪ ಹದಿನೈದು ದಿನ ಹಲಗೆ ಮೇಲೆ ಮಲಗು ಅಂದ್ರು, ಅತ್ತೆ ಮುರಿವೆಣ್ಣ (ಆಯುರ್ವೇದದ ನೋವಿನ ಎಣ್ಣೆ) ಹಚ್ಚು ಅಂದ್ರು, ಪೆರ್ಲದ ಮಾವ ಸೊಂಟಕ್ಕೆ ಬೆಲ್ಟ್ ತಕ್ಕೋ ಅಂದ್ರು. ಮತ್ತೆ ಯಾರೋ ಗಾಲ್ಫ್ ಚಾಂಪಿಯನ್ ಟೈಗರ್ ವುಡ್ಸ್ ವೀಡಿಯೋ ಹಾಕಿ, ಅವನದ್ದೇ ಬೆನ್ನು ಹೋಯ್ತು, ಇನ್ನು ನಿನ್ನದೆಲ್ಲಿ ಉಳೀತದೆ, ಸ್ಟಿಕ್ ಮಾರು ಅಂತ. ಸ್ವಲ್ಪ ಉದ್ದ ಆಗ್ತದೆ, ಅಕ್ಕನಿಗೂ ಕೇಳಿಸಿ.

ಮೊದಲು ಆ ರಿಪೋರ್ಟಿನ ಹೆದರಿಕೆ ಬಿಡಿ. 50ರ ಪ್ರಾಯದಲ್ಲಿ ನೋವೇ ಇಲ್ಲದವರನ್ನು ಎಂಆರ್‌ಐ ಮೆಷಿನಿಗೆ ಹಾಕಿದ್ರೂ ನೂರರಲ್ಲಿ ಸುಮಾರು 60 ಜನರಿಗೆ ಡಿಸ್ಕ್ ಬಲ್ಜ್ ಕಾಣ್ತದೆ. ತಲೆಕೂದಲು ಬೆಳ್ಳಗಾದ ಹಾಗೆ ಅದು. ನಿಮಗೆ ಕಾಲಿಗೆ ಇಳಿಯುವ ನೋವಿಲ್ಲ, ಜೋಮು ಇಲ್ಲ, ಆಡದಿದ್ದರೆ ಸರಿಯಾಗ್ತದೆ. ಹಾಗಾದ್ರೆ ನಾವು ನೋಡ್ಬೇಕಾದ್ದು ಫೋಟೋವನ್ನಲ್ಲ, ನೀವು ಆಡುವ ಕ್ರಮವನ್ನು.

ಸೊಂಟದ ಐದು ಎಲುಬು ಇದ್ದಾವಲ್ಲ, ಅವು ಮುಂದೆ ಬಗ್ಗಲಿಕ್ಕೆ, ಹಿಂದೆ ಬಾಗಲಿಕ್ಕೆ ಹುಷಾರು. ತಿರುಗಲಿಕ್ಕೆ ಅಲ್ಲ. ಐದೂ ಸೇರಿದ್ರೂ ಒಂದು ಬದಿಗೆ 10-15 ಡಿಗ್ರಿ ತಿರುಗಿದ್ರೆ ಹೆಚ್ಚು. ಆದ್ರೆ ಗಾಲ್ಫಲ್ಲಿ ಕೋಲು ಹಿಂದಕ್ಕೆ ತಕ್ಕೊಂಡು ಹೋಗುವಾಗ ಹೆಗಲು ಸುಮಾರು 90 ಡಿಗ್ರಿ ತಿರುಗಬೇಕು. ಉಳಿದದ್ದು ಎಲ್ಲಿಂದ ಬರಬೇಕು? ತೊಡೆ ಸೊಂಟಕ್ಕೆ ಸೇರುವ ಹಿಪ್ ಜಾಯಿಂಟಿಂದ, ಮತ್ತೆ ಪಕ್ಕೆಲುಬು ಇರುವ ಮೇಲ್ಬೆನ್ನಿಂದ. ದಿನಕ್ಕೆ ಹತ್ತು ಗಂಟೆ ಆಫೀಸಿನ ಕುರ್ಚಿಯಲ್ಲಿ, ಮತ್ತೆ ಕಾರಲ್ಲಿ ಕೂತು ಕೂತು ನಿಮ್ಮ ಆ ಎರಡೂ ಗಟ್ಟಿಯಾಗಿದೆ. ಅವು ಕೊಡದ ತಿರುವನ್ನು ಪಾಪದ ಸೊಂಟ ಕೊಡ್ತದೆ. ಅದೂ ಸುಮ್ಮನೆ ಅಲ್ಲ, ಚೆಂಡಿಗೆ ಹೊಡೆಯುವ ಆ ಕ್ಷಣಕ್ಕೆ ಸೊಂಟದ ಮೇಲೆ ಮೈತೂಕದ ಸುಮಾರು 8 ಪಟ್ಟು ಭಾರ ಬೀಳ್ತದೆ ಅಂತ ಅಳೆದು ನೋಡಿದವರಿದ್ದಾರೆ. ಬಲಗೈ ಆಟಗಾರರು ಹೊಡೆಯುವಾಗ ಬಲಬದಿಗೆ ವಾಲಿ ತಿರುಗ್ತಾರೆ. ನೋವು ಬಲಕ್ಕೇ ಯಾಕೆ ಅಂತ ಕೇಳಿದ್ರಿ, ಕಾರಣ ಇದು. ಇಲ್ಲಿ ನನ್ನತ್ರ ಗಾಲ್ಫ್‌ನವರು ಯಾರೂ ಬರುವುದಿಲ್ಲ, ತೋಟದವರು ಬರ್ತಾರೆ. ಬಗ್ಗಿ ಮಣ್ಣೆತ್ತಿ ಒಂದೇ ಬದಿಗೆ ಹಾಕಿ ಹಾಕಿ ಬಂದ ಸೊಂಟಕ್ಕೂ ನಿಮ್ಮದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಬಟ್ಟೆ ಮಾತ್ರ ಬೇರೆ.

ಒಂದು ಪರೀಕ್ಷೆ ಈಗಲೇ ಮಾಡಿ. ಗಟ್ಟಿ ಕುರ್ಚಿಯಲ್ಲಿ ನೇರ ಕೂತ್ಕೊಳ್ಳಿ, ಎರಡು ಮೊಣಕಾಲನ್ನೂ ಒಂದಕ್ಕೊಂದು ತಾಗಿಸಿ. ಮೊಣಕಾಲು ಅಲುಗದ ಹಾಗೆ ಬಲ ಪಾದವನ್ನು ಮಾತ್ರ ಹೊರಗೆ ಸರಿಸಿ, ಎಷ್ಟು ಹೋಗ್ತದೆ ನೋಡಿ. ಮತ್ತೆ ಎಡದ್ದು. ಎಡ ಪಾದ ಚೂರು ಹೋಗಿ ನಿಂತುಬಿಟ್ಟು, ಇನ್ನೂ ಸರಿಸ್ಲಿಕ್ಕೆ ಹೋದ್ರೆ ಎಡ ಕುಂಡೆ ಕುರ್ಚಿಯಿಂದ ಏಳ್ತದೆ ಅಂತಾದ್ರೆ, ಕಳ್ಳ ಸಿಕ್ಕಿದ ಹಾಗೆ. ಹೊಡೆದ ಮೇಲೆ ನಿಮ್ಮ ಇಡೀ ಮೈ ಎಡ ಹಿಪ್ಪಿನ ಮೇಲೆ ತಿರುಗಬೇಕು. ಅದು ತಿರುಗದಿದ್ರೆ ಸೊಂಟ ತಿರುಗಿಯೇ ತಿರುಗ್ತದೆ. ಅಕ್ಕನತ್ರ ನೋಡ್ಲಿಕ್ಕೆ ಹೇಳಿ, ನೀವೇ ನೋಡಿದ್ರೆ ಎರಡೂ ಸಮ ಅಂತ ಹೇಳ್ತೀರಿ.

ಆ ಕುರ್ಚಿಯ ಪರೀಕ್ಷೆಯೇ ವ್ಯಾಯಾಮ ಕೂಡ, ಬೆಳಗ್ಗೆ ಸಂಜೆ ನಿಧಾನಕ್ಕೆ ಮಾಡಿ. ಮೇಲ್ಬೆನ್ನಿಗೆ: ಒಂದು ಬದಿಗೆ ಮಲಗಿ ಮೊಣಕಾಲು ಮಡಚಿ, ಎರಡು ಕೈ ಮುಂದೆ ಜೋಡಿಸಿ, ಮೇಲಿನ ಕೈಯನ್ನು ಪುಸ್ತಕ ತೆರೆದ ಹಾಗೆ ಹಿಂದಕ್ಕೆ ಬಿಡಿಸುವುದು. ಮೊಣಕಾಲು ನೆಲದಿಂದ ಏಳಬಾರದು, ಎದ್ರೆ ಪುನಃ ಸೊಂಟವೇ ತಿರುಗಿದ್ದು. ಮತ್ತೆ ಶಕ್ತಿಗೆ ಬರ್ಡ್ ಡಾಗ್. ಅಂಬೆಗಾಲಲ್ಲಿ ನಿಂತು ಬಲಗೈ ಮುಂದೆ, ಎಡಕಾಲು ಹಿಂದೆ ಚಾಚಿ ಹತ್ತು ಎಣಿಸುವುದು, ಬದಲಿಸುವುದು. ಬೆನ್ನ ಮೇಲೆ ಒಂದು ಲೋಟ ನೀರಿಟ್ರೆ ಚೆಲ್ಲಬಾರದು. ಒಂದು ಬದಿಗೆ ಮೊಣಕೈ, ಮೊಣಕಾಲೂರಿ ಮೈ ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್, ಮಲಗಿ ಸೊಂಟ ಎತ್ತುವ ಬ್ರಿಜ್, ಸಾಕು. ಇದನ್ನೇ ಎರಡು ತಿಂಗಳು ಬಿಡದೆ ಮಾಡಿ, ಯೂಟ್ಯೂಬಲ್ಲಿ ದಿನಕ್ಕೊಂದು ಹೊಸತು ಹುಡುಕ್ಬೇಡಿ.

ಚಿಕ್ಕಪ್ಪ, ಬೇಜಾರು ಮಾಡ್ಬೇಡಿ, ಹಲಗೆ ಮೇಲೆ ಮಲಗುವ ಕಾಲ ಹೋಯ್ತು. ತುಂಬ ನೋವಿದ್ರೆ ಒಂದೆರಡು ದಿನ ಆರಾಮ ಮಾಡ್ಲಿ, ಅದಕ್ಕಿಂತ ಹೆಚ್ಚು ದಿನ ಮಲಗಿದಷ್ಟೂ ಬೆನ್ನಿನ ಸ್ನಾಯು ಸೋಮಾರಿ ಆಗ್ತದೆ. ನಡೀತಾ ಇರ್ಬೇಕು. ಬೆಲ್ಟಿನ ವಿಷಯ, ಮಾವ: ದೀರ್ಘಕಾಲದ ಸೊಂಟ ನೋವಿಗೆ ಬೆಲ್ಟೂ ಬೇಡ, ಭಾರ ಕಟ್ಟಿ ಸೊಂಟ ಎಳೆಯುವ ಟ್ರ್ಯಾಕ್ಷನೂ ಬೇಡ, ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ಅತ್ತೆಯ ಮುರಿವೆಣ್ಣ ಹಚ್ಚಿ, ಬಿಸಿನೀರಿನ ಶಾಖ ಕೊಡಿ, ನನ್ನದೇನೂ ತಕರಾರಿಲ್ಲ, ಸುಖ ಆಗ್ತದೆ. ಆದ್ರೆ ಎಣ್ಣೆ ಹಚ್ಚಿದ್ರಿಂದ ಹಿಪ್ ಸಡಿಲ ಆಗುವುದಿಲ್ಲ. ನೋವಿನ ಮಾತ್ರೆ ನೀವಾಗಿ ನುಂಗ್ಬೇಡಿ. ನಿಮಗೆ ಬಿಪಿ ಮಾತ್ರೆ ಉಂಟು, ಡಾಕ್ಟರತ್ರ ಕೇಳಿಯೇ ತಕ್ಕೊಳ್ಳಿ.

ಇನ್ನು ಆಟ. ನೀವು ಒಂದು ಗಂಟೆ ಕಾರಲ್ಲಿ ಕೂತು ಹೋಗಿ, ಇಳಿದು, ಸೀದಾ ಡ್ರೈವರ್, ಅಂದ್ರೆ ಎಲ್ಲಕ್ಕಿಂತ ಉದ್ದದ ಕೋಲು, ಬೀಸ್ತೀರಿ ಅಂತ ಅಕ್ಕ ಹೇಳಿದ್ಳು. ಅದು ಬೇಡ. ಹತ್ತು ನಿಮಿಷ ಚುರುಕಾಗಿ ನಡೆದು, ಹಿಪ್ ತಿರುಗಿಸಿ, ಸಣ್ಣ ಕೋಲಿಂದ ಮೆಲ್ಲ ಬೀಸಿ ಶುರು ಮಾಡಿ. ಅಭ್ಯಾಸ ಮಾಡುವ ಆ ರೇಂಜಲ್ಲಿ ಬಕೆಟ್ ತುಂಬ ಚೆಂಡು ತಕ್ಕೊಂಡು ಒಂದೇ ಜಾಗದಲ್ಲಿ ನಿಂತು ನೂರು ಸಲ ಹೊಡೆಯುತ್ತೀರಲ್ಲ, ನನ್ನ ಸಂಶಯ ಹೆಚ್ಚು ಅದರ ಮೇಲೆಯೇ. ಪೂರ್ತಿ ಆಟ, ಅಂದ್ರೆ 18 ಹೋಲ್ (ಗುಳಿ), ಆಡಿದ್ರೂ ಡ್ರೈವರ್ ಹಿಡಿಯುವುದು ಹೆಚ್ಚೆಂದ್ರೆ ಹದಿನಾಲ್ಕು ಸಲ, ನಡುವೆ ನಡಿಗೆ ಉಂಟು, ಗುಳಿಯ ಹತ್ತಿರ ಮೆಲ್ಲ ತಳ್ಳುವ ಪಟ್ಟಿಂಗ್ ಉಂಟು. ರೇಂಜಲ್ಲಿ ಬಿಡುವೇ ಇಲ್ಲ. ಬಕೆಟ್ ಅರ್ಧ ಮಾಡಿ, ಹತ್ತು ಚೆಂಡಿಗೊಮ್ಮೆ ಕೋಲು ಬದಲಿಸಿ.

ನಿಲ್ಲುವಾಗ ಎಡ ಪಾದದ ಬೆರಳು ಚೂರು ಗುರಿಯ ಕಡೆಗೆ ತಿರುಗಿರ್ಲಿ. ಕೋಲು ಹಿಂದೆ ಹೋಗುವಾಗ ಎಡ ಹಿಮ್ಮಡಿ ಎದ್ರೆ ಏಳ್ಲಿ, ಒತ್ತಿ ಹಿಡಿಯಬೇಡಿ. ನಿಮ್ಮ ಕೋಚ್ ಬೈಬಹುದು. ಹಳೇ ಗಾಲ್ಫ್ ಚಾಂಪಿಯನ್ ಜಾಕ್ ನಿಕ್ಲಾಸ್ ಹಿಮ್ಮಡಿ ಎತ್ತಿಯೇ ಆಡಿ 18 ಮೇಜರ್ (ಗಾಲ್ಫಿನ ದೊಡ್ಡ ಪಂದ್ಯ) ಗೆದ್ದದ್ದು, ಕೊನೆಯದ್ದು 1986ರ ಮಾಸ್ಟರ್ಸ್, ಆಗ ಪ್ರಾಯ 46 ಅಂತ ಅವರಿಗೆ ಹೇಳಿ. ಹೊಡೆದು ಮುಗಿಸುವಾಗ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ನಿಲ್ಲುವುದು ಫೋಟೋಕ್ಕೆ ಚಂದ, ಸೊಂಟಕ್ಕಲ್ಲ. ನೇರ ನಿಂತು ಮುಗಿಸಿ. ಬ್ಯಾಗ್ ಒಂದೇ ಹೆಗಲಿಗೆ ಹಾಕ್ಬೇಡಿ, ತಳ್ಳುವ ಟ್ರಾಲಿ ತಕ್ಕೊಳ್ಳಿ. ಚೆಂಡು ಹೆಕ್ಕುವಾಗ ಪಟ್ಟಿಂಗ್ ಕೋಲು ಊರಿ, ಒಂದು ಕಾಲು ಹಿಂದಕ್ಕೆ ಎತ್ತಿ ಬಗ್ಗಿ.

ಪುನಃ ಶುರು ಮಾಡುವಾಗ ಮೊದಲು ಪಟ್ಟಿಂಗ್, ಮತ್ತೆ ಹತ್ತಿರಕ್ಕೆ ಮೆಲ್ಲ ಎತ್ತಿ ಹೊಡೆಯುವ ಚಿಪ್ಪಿಂಗ್. ಮರುದಿನ ನೋವು ಏರದಿದ್ರೆ ಸಣ್ಣ ಐರನ್ ಕೋಲು, ಮತ್ತೆ 9 ಹೋಲ್. ಡ್ರೈವರ್ ಎಲ್ಲಕ್ಕಿಂತ ಕೊನೆಗೆ.

ಟೈಗರ್ ವುಡ್ಸ್‌ಗೆ 2014ರಿಂದ ಬೆನ್ನಿಗೆ ಆಪರೇಷನ್ ಮೇಲೆ ಆಪರೇಷನ್ ಆದದ್ದು ನಿಜ. 2017ರಲ್ಲಿ ಕೆಳಗಿನ ಎಲುಬು ಜೋಡಿಸಿದ್ರು, 2019ರಲ್ಲಿ ಅದೇ ಬೆನ್ನಲ್ಲಿ ಮಾಸ್ಟರ್ಸ್ ಗೆದ್ರು. ವೀಡಿಯೋ ಹಾಕಿದವರು ಅಷ್ಟನ್ನೂ ಹಾಕ್ಬೇಕಿತ್ತು.

ಒಂದು ಮಾತ್ರ ತಮಾಷೆ ಅಲ್ಲ. ಕಾಲಲ್ಲಿ ಶಕ್ತಿ ಕಡಿಮೆ ಆಗಿ ಪಾದ ಎಳೆದ ಹಾಗೆ ಆದ್ರೆ, ಕೂರುವ ಜಾಗ, ತೊಡೆ ನಡು ಜೋಮು ಹಿಡಿದ್ರೆ, ಮೂತ್ರ ಮಲದ ಹಿಡಿತ ತಪ್ಪಿದ್ರೆ, ಗ್ರೂಪಲ್ಲಿ ಕೇಳ್ಬೇಡಿ, ಆ ಕ್ಷಣ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಬೆನ್ನು ನೋವು, ಕಾರಣ ಇಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದಲ್ಲೂ ಬಿಡದ ನೋವು ಇದ್ರೂ ಡಾಕ್ಟರಿಗೆ ತೋರಿಸ್ಲೇಬೇಕು.

ನೀವು ಕಳಿಸಿದ ಸ್ವಿಂಗ್ ವೀಡಿಯೋದಲ್ಲಿ ಕಾಲೇ ಕಾಣುವುದಿಲ್ಲ ಭಾವ, ಬರೀ ಹೊಟ್ಟೆ ಮತ್ತು ಆಕಾಶ. ಅಕ್ಕನತ್ರ ಎದುರಿಂದ ಒಂದು, ಹಿಂದಿನಿಂದ ಒಂದು, ಪಾದ ಕಾಣುವ ಹಾಗೆ ತೆಗೆಸಿ ಕಳಿಸಿ. ಆ ಕುರ್ಚಿ ಪರೀಕ್ಷೆಯದ್ದೂ ಒಂದು.