ಸಹಾಯ ಬೇಕು: ತಮ್ಮನಿಗೆ ಸ್ಟೇಷನ್ನಿಂದ ನೋಟಿಸ್, ಮೊದಲು ಹಾಜರಾಗುವುದಾ, ಜಾಮೀನು ಹಾಕುವುದಾ?

ನಮಸ್ಕಾರ, ಉಡುಪಿಯವಳು. ತಮ್ಮ ಮಲ್ಪೆಯ ಐಸ್ ಪ್ಲಾಂಟ್ ಒಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿನ ಯುವತಿಯೊಬ್ಬರು ಅವನ ಮೇಲೆ ದೂರು ಕೊಟ್ಟಿದ್ದಾರೆ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 74ನೇ ಸೆಕ್ಷನ್, ಅಂದರೆ ಮಾನಭಂಗದ ಉದ್ದೇಶದಿಂದ ಮಹಿಳೆಯ ಮೇಲೆ ಬಲಪ್ರಯೋಗ ಮಾಡಿದ ಆರೋಪ, ಜಾಮೀನು ರಹಿತ ಕೇಸು. ತಾನು ಹಾಗೆ ಮಾಡಿಲ್ಲ ಎನ್ನುತ್ತಾನೆ. ಅದನ್ನು ಕೋರ್ಟ್ ನೋಡಲಿ, ಈಗ ವಕೀಲರು ಬೇಕು.

ನೋಟಿಸಿನಲ್ಲಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 35(3) ಎಂದಿದೆ, ಅಂದರೆ ಅರೆಸ್ಟ್ ಮಾಡದೆ ಪೊಲೀಸರ ಮುಂದೆ ಹಾಜರಾಗಲು ಹೇಳುವ ನೋಟಿಸ್, ಸೋಮವಾರ ಹಾಜರಾಗಬೇಕು. ಒಬ್ಬ ವಕೀಲರು, "ನೋಟಿಸಿನಂತೆ ನಡೆದುಕೊಂಡರೆ ಸಾಮಾನ್ಯವಾಗಿ ಅರೆಸ್ಟ್ ಮಾಡಲ್ಲ, ಹೋಗಿ ಬರಲಿ" ಎಂದರು. ಇನ್ನೊಬ್ಬರು ಮೊದಲು ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು (ಅರೆಸ್ಟ್‌ಗೆ ಮೊದಲೇ ಕೇಳುವ ಜಾಮೀನು) ಹಾಕಿ ಎನ್ನುತ್ತಾರೆ. ಅವರ ಫೀಸು ನಮ್ಮ ಕೈಗೆಟುಕುವುದಲ್ಲ.

ಮಾವ ಬೇರೆ, ಆ ಹುಡುಗಿ ಮನೆಗೆ ಹೋಗಿ ರಾಜಿ ಮಾತಾಡ್ತೇನೆಂದು ಬೈಕ್ ಕೀ ಹಿಡಿದು ಹೊರಟಿದ್ದರು. ತಡೆದೆ. ಅದು ಸರಿಯೂ ಅಲ್ಲ, ಬೆದರಿಕೆ ಎಂದು ಇನ್ನೊಂದು ಕೇಸಾದರೆ? ವಾಟ್ಸಾಪ್ ಚಾಟ್ ಅಳಿಸಲೂ ಬಿಟ್ಟಿಲ್ಲ.

ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದೆ. ವರ್ಷದ ಆದಾಯ 3 ಲಕ್ಷದೊಳಗಿದ್ದರೆ ಗಂಡಸರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರಂತೆ. ತಮ್ಮನ ಸಂಬಳ ಅದಕ್ಕಿಂತ ಕಡಿಮೆಯೇ.

ತಿಳಿದವರು ಹೇಳಿ: 35(3) ನೋಟಿಸ್ ಇರುವಾಗ ನಿರೀಕ್ಷಣಾ ಜಾಮೀನು ಹಾಕಲೇಬೇಕಾ? ಬೇಕಿದ್ದರೆ ಪ್ರಾಧಿಕಾರದ ವಕೀಲರೇ ಹಾಕಿಕೊಡುತ್ತಾರಾ, ಸೋಮವಾರ ಸ್ಟೇಷನ್ನಿಗೆ ಜೊತೆಗೂ ಬರುತ್ತಾರಾ?