ಲ್ಯಾನ್ ಕೇಬಲ್ ಕೈಕೊಟ್ಟರೆ ಅದು ‘ಸಂಪರ್ಕ ಕಡಿತ’ವೇ?

ಪ್ರಶ್ನೆ:
ಮನೆಯ ಕಂಪ್ಯೂಟರಿಗೆ ಕೇಬಲ್‌ನಲ್ಲಿ ಬರುವ ನೆಟ್ ಆಗಾಗ ನಿಂತು, ತಾನಾಗಿಯೇ ಮತ್ತೆ ಬರುವ ತೊಂದರೆಯನ್ನು ಪತ್ತೆಹಚ್ಚುವ ಕೈಪಿಡಿಯ ಕರಡು ಮುಂದಿದೆ. ಅದರಲ್ಲಿ ಈ ತೊಂದರೆಗೆ ‘ಮರುಕಳಿಸುವ ಸಂಪರ್ಕ ಕಡಿತ’ ಎಂದು ಬರೆದಿದ್ದಾರೆ. ಮರುಕಳಿಸುವುದು ಜ್ವರವಲ್ಲವೇ? ಮುಂದೆ ‘ತಿರುಚಿದ ಜೋಡಿ ತಂತಿ’ (ಟ್ವಿಸ್ಟೆಡ್ ಪೇರ್), ‘ಪ್ಯಾಕೆಟ್ ಸೋರಿಕೆ’ (ಪ್ಯಾಕೆಟ್ ಲಾಸ್, ಅಂದರೆ ಕಳಿಸಿದ ಮಾಹಿತಿಯ ತುಣುಕುಗಳು ತಲುಪದಿರುವುದು) ಎಂಬ ಪ್ರಯೋಗಗಳೂ ಇವೆ. ಇವನ್ನು ಉಳಿಸಬಹುದೇ? ಕೇಬಲ್‌ನ ಎರಡು ತುದಿಗಳ ನಡುವಿನ ಸಂಪರ್ಕಕ್ಕೆ ‘ಲಿಂಕ್’ ಅನ್ನುವಲ್ಲೆಲ್ಲ ‘ಕೊಂಡಿ’ ಹಾಕಿದರೆ ನಡೆಯುತ್ತದೆಯೇ?

ಉತ್ತರ 1:
‘ಕಡಿತ’ವನ್ನು ಮೊದಲು ತೆಗೆಯಿರಿ. ಬಿಲ್ ಕಟ್ಟದವರ ಮನೆಗೆ ಮಾಡುವುದು ಸಂಪರ್ಕ ಕಡಿತ. ಆ ಪದಕ್ಕೆ ಕಡಿಯುವವನೊಬ್ಬ ಬೇಕು. ಓದಿದವರು ನೇರ ಕಂಪನಿಗೆ ಫೋನ್ ಮಾಡುತ್ತಾರೆ, ದೋಷ ಮಾತ್ರ ಮೇಜಿನ ಹಿಂದಿನ ಜಾಕ್‌ನಲ್ಲೇ ಇರುತ್ತದೆ. ಜನ ಹೇಳುವುದು ‘ನೆಟ್ ಬಿಟ್ಟು ಬಿಟ್ಟು ಬರ್ತಿದೆ’ ಎಂದು. ಶೀರ್ಷಿಕೆಗೂ ‘ನೆಟ್ ಬಿಟ್ಟು ಬಿಟ್ಟು ಬರುತ್ತಿದ್ದರೆ’ ಸಾಕು. ನಾಮಪದವೇ ಬೇಕೆಂಬ ಹಟದಿಂದಲೇ ಇಂಥ ಪದಗಳು ಹುಟ್ಟುವುದು. ‘ಲೂಸ್ ಕಾಂಟ್ಯಾಕ್ಟ್’ ಬಳಕೆಯಲ್ಲಿದೆ ನಿಜ, ಆದರೆ ಅದು ಕಾರಣದ ಹೆಸರು, ಲಕ್ಷಣದ್ದಲ್ಲ. ಪರೀಕ್ಷಿಸುವ ಮೊದಲೇ ಅದನ್ನು ಬರೆದರೆ ತೀರ್ಪು ಕೊಟ್ಟ ಹಾಗೆ.

ಇದಕ್ಕಿಂತ ದೊಡ್ಡ ತೊಡಕೆಂದರೆ, ಬೇರೆ ಬೇರೆ ದೋಷಗಳು ಒಂದೇ ಮಾತಿನಡಿ ಸೇರಿಕೊಂಡಿವೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್’ (ipconfig) ಕೊಟ್ಟು ಡೀಫಾಲ್ಟ್ ಗೇಟ್‌ವೇ, ಅಂದರೆ ಮನೆಯ ರೂಟರ್‌ನ ವಿಳಾಸ ನೋಡಿಕೊಳ್ಳಿ, ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಆ ವಿಳಾಸಕ್ಕೆ ನಿಲ್ಲದೆ ಪಿಂಗ್ ಮಾಡುತ್ತಾ (ಉತ್ತರ ಬರುತ್ತದೆಯೇ ಎಂದು ಸಣ್ಣ ಸಂದೇಶ ಕಳಿಸುತ್ತಾ), ಕೇಬಲ್ಲನ್ನು ಎರಡೂ ತುದಿಯಲ್ಲಿ ಮೆಲ್ಲಗೆ ಅಲುಗಾಡಿಸಿ. ಜಾಕ್ ಪಕ್ಕದ ದೀಪ ಆರಿ, ಪರದೆಯಲ್ಲಿ ‘ಜನರಲ್ ಫೇಲ್ಯೂರ್’ ಬಂದರೆ ಅದು ‘ಲಿಂಕ್ ಬಿತ್ತು’. ದೀಪ ಉರಿಯುತ್ತಲೇ ಇದ್ದು ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬಂದರೆ ಅದು ‘ಪ್ಯಾಕೆಟ್ ಕಳೆದುಹೋಗುತ್ತಿದೆ’. ರೂಟರ್‌ವರೆಗೆ ಒಂದೂ ತಪ್ಪದೆ, ಹೊರಗಿನ 8.8.8.8ಕ್ಕೆ (ಗೂಗಲ್‌ನ ಸರ್ವರ್) ಮಾತ್ರ ತಪ್ಪುತ್ತಿದ್ದರೆ ಕೇಬಲ್ ನಿರ್ದೋಷಿ. ಆಗ ಕಂಪನಿಗೆ ಫೋನ್ ಮಾಡಲಿ. ‘ಸೋರಿಕೆ’ ಖಂಡಿತ ಬೇಡ. ಮಾಹಿತಿ ಸೋರಿಕೆ ಅಂದರೆ ಗುಟ್ಟು ಹೊರಬೀಳುವುದು. ಪಾಸ್‌ವರ್ಡ್ ಹೋಯಿತೆಂದು ಓದುಗರು ಹೆದರಿಯಾರು.

ಇನ್ನೊಂದು ದೋಷ ಕರಡಿನಲ್ಲಿ ಬಂದೇ ಇಲ್ಲ: ನೆಟ್ ನಿಲ್ಲುವುದಿಲ್ಲ, 1000 ಎಂಬಿಪಿಎಸ್ ಇರಬೇಕಾದ ಲಿಂಕ್ ವೇಗ 100ಕ್ಕೆ ಇಳಿದು ಕೂತಿರುತ್ತದೆ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಕೇಬಲ್‌ನೊಳಗಿನ ನಾಲ್ಕೂ ಜೋಡಿ ತಂತಿ ಬೇಕು. 100ಕ್ಕೆ 1, 2, 3, 6ನೇ ಪಿನ್‌ಗಳಷ್ಟೇ ಸಾಕು. ಉಳಿದ 4, 5, 7, 8ರಲ್ಲಿ ಒಂದು ತಂತಿ ಕೈಕೊಟ್ಟರೂ ಹಲವು ನೆಟ್‌ವರ್ಕ್ ಕಾರ್ಡುಗಳು ಸದ್ದಿಲ್ಲದೆ ಕೆಳವೇಗಕ್ಕೆ ಇಳಿಯುತ್ತವೆ. ಇದಕ್ಕೆ ‘ವೇಗ ಇಳಿದಿದೆ’ ಎಂದೇ ಬರೆಯಿರಿ. ‘ನಿಧಾನ’ ಅಂದರೆ ಎಲ್ಲರೂ ವೆಬ್‌ಸೈಟನ್ನು ಬೈಯುತ್ತಾರೆ.

‘ಕೊಂಡಿ’ಯನ್ನು ಜಾಲತಾಣದ ವಿಳಾಸಕ್ಕೆ ಬಿಟ್ಟುಕೊಟ್ಟಾಗಿದೆ. ‘ಕೊಂಡಿ ಬಿತ್ತು’ ಎಂದರೆ ಬಾಗಿಲಿನದೋ ಅನ್ನಿಸುತ್ತದೆ. ಲಿಂಕ್ ಲಿಂಕಾಗಿಯೇ ಇರಲಿ.

ಉತ್ತರ 2:
ಮೇಲಿನದಕ್ಕೆ ಸಹಮತ. ‘ತಿರುಚಿದ ಜೋಡಿ’ ಬಗ್ಗೆ ಒಂದು ಮಾತು. ತಿರುಚುವುದು ಈಗ ಸಾಕ್ಷ್ಯವನ್ನು, ಹೇಳಿಕೆಯನ್ನು, ಇಲ್ಲವೇ ಮಕ್ಕಳ ಕಿವಿಯನ್ನು. ‘ಹೆಣೆದ’ ಕೂಡ ಒಗ್ಗದು. ಹೆಣೆಯಲು ಜಡೆಯಂತೆ ಮೂರು ಕಾಲು ಬೇಕು, ಅಥವಾ ಬುಟ್ಟಿಯಂತೆ ಅಡ್ಡ ಉದ್ದ ಬೇಕು. ಎರಡು ಎಳೆಯನ್ನು ಒಂದರ ಸುತ್ತ ಒಂದು ಸುತ್ತಿಸುವುದಕ್ಕೆ ನಮ್ಮಲ್ಲಿ ‘ಹೊಸೆ’ ಇದೆ. ದೀಪದ ಬತ್ತಿ ಹೊಸೆದವರಿಗೆ ‘ಹೊಸೆದ ಜೋಡಿ’ಯನ್ನು ವಿವರಿಸಬೇಕಿಲ್ಲ. ಹಾಗೆ ಸುತ್ತಿಕೊಂಡದ್ದಕ್ಕೆ ‘ಹುರಿ’ ಅನ್ನಬಹುದು. ಆಗ ಕ್ರಿಂಪಿಂಗ್‌ನ (ಕೇಬಲ್ ತುದಿಗೆ ಜಾಕ್ ಒತ್ತಿ ಕೂರಿಸುವ ಕೆಲಸದ) ಮುಖ್ಯ ಎಚ್ಚರಿಕೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ‘ಹುರಿಯನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬೇಡಿ.’ ಹೆಚ್ಚು ಬಿಚ್ಚಿದರೆ ಪಕ್ಕದ ಜೋಡಿಯ ಸಂಕೇತ ಇದಕ್ಕೆ ತಾಗಿ ಪ್ಯಾಕೆಟ್‌ಗಳು ಕೆಡುತ್ತವೆ.

ಅದೇ ಪುಟದ ‘ತಂತಿ’ಯನ್ನೂ ಬಿಡಿಸಿ ಬರೆಯಬೇಕು. ಗೋಡೆಯೊಳಗೆ ಹಾಕುವುದು ಒಂದೆಳೆಯ ತಂತಿ, ಮೇಜಿನ ಮೇಲಿನ ಪ್ಯಾಚ್ ಕಾರ್ಡ್‌ನದು (ಗಿಡ್ಡ ಕೇಬಲ್‌ನದು) ಸಾಮಾನ್ಯವಾಗಿ ಹಲವೆಳೆಯದು. ಹಲವೆಳೆಗೆಂದೇ ಮಾಡಿದ ಜಾಕನ್ನು ಒಂದೆಳೆಗೆ ಒತ್ತಿದರೆ ಹಲ್ಲು ಸರಿಯಾಗಿ ಕಚ್ಚುವುದಿಲ್ಲ. ಇವತ್ತು ನಡೆದು ನಾಳೆ ಬಿಟ್ಟು ಬಿಟ್ಟು ಬರುವುದು ಹೀಗೆ. ಬಣ್ಣಗಳನ್ನು ಪಟ್ಟಿ ಮಾಡುವಾಗ ‘ಬಿಳಿ’ ಎಂದು ಬಿಟ್ಟರೆ ಬಣ್ಣದ ಗೆರೆಯಿರುವ ನಾಲ್ಕು ಬಿಳಿಗಳಲ್ಲಿ ಯಾವುದೆಂದು ತಿಳಿಯದು. ‘ಕಿತ್ತಳೆಯ ಬಿಳಿ, ಕಿತ್ತಳೆ, ಹಸಿರಿನ ಬಿಳಿ, ನೀಲಿ, ನೀಲಿಯ ಬಿಳಿ, ಹಸಿರು, ಕಂದಿನ ಬಿಳಿ, ಕಂದು’ ಎಂದು ಬರೆಯಿರಿ. ಇದು ಜಾಕ್‌ನಲ್ಲಿ ತಂತಿ ಜೋಡಿಸುವ ಬಿ ಕ್ರಮ (T568B). ನೀಲಿಯಲ್ಲಿ ಮಾತ್ರ ಬಣ್ಣ ಮೊದಲು, ಬಿಳಿ ಆಮೇಲೆ. ಕೈ ತಪ್ಪುವುದೂ ಸಾಮಾನ್ಯವಾಗಿ ಅಲ್ಲೇ.

ಜಾಕ್‌ನ ಮೇಲಿನ ಪ್ಲಾಸ್ಟಿಕ್ ನಾಲಗೆಗೆ ಕರಡಿನಲ್ಲಿ ‘ಬೀಗಪಟ್ಟಿ’ ಎಂದಿದೆ. ‘ನಾಲಗೆ’ಯೇ ಸಾಕು. ಒಳಗೆ ತಳ್ಳಿದಾಗ ‘ಟಿಕ್’ ಅನ್ನದಿದ್ದರೆ ಅದು ಮುರಿದಿರಬಹುದು. ಆಗ ಜಾಕ್ ಬದಲಾಯಿಸಬೇಕು, ಟೇಪ್ ಸುತ್ತಿದರೆ ಆಗದು.