ಸಹಾಯ ಬೇಕು: ಡಿಎನ್ಎ ಬಂದಿದೆ, ಪಿಸಿಆರ್ (ಡಿಎನ್ಎ ತುಣುಕನ್ನ ನಕಲು ಮಾಡಿ ಹೆಚ್ಚಿಸೋದು) ಮಾತ್ರ ಆಗ್ತಿಲ್ಲ

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ 3 ಎಂ.ಎಲ್. ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯೋ, ಮೆಗ್ನೀಸಿಯಂ ಹಿಡಿದಿಡೋ ರಾಸಾಯನಿಕ) ಹಾಕಿದ ರಕ್ತದಿಂದ ಸಾಲ್ಟಿಂಗ್ ಔಟ್ (ಉಪ್ಪಿನಿಂದ ಪ್ರೋಟೀನ್ ಬೇರ್ಪಡಿಸೋ) ವಿಧಾನದಲ್ಲಿ ಡಿಎನ್ಎ ತೆಗೆದಿದ್ದು. ಆರ್‌ಬಿಸಿ ಲೈಸಿಸ್ (ಕೆಂಪು ರಕ್ತಕಣ ಒಡೆಯೋದು) ಎರಡು ಸಲ, ಎಸ್‌ಡಿಎಸ್ (ಡಿಟರ್ಜೆಂಟ್) ಜೊತೆ ಪ್ರೋಟಿನೇಸ್ ಕೆ (ಪ್ರೋಟೀನ್ ಕತ್ತರಿಸೋ ಕಿಣ್ವ) ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ, ಆಮೇಲೆ 6 ಮೋಲಾರ್ ಉಪ್ಪು, ಎಥನಾಲ್, ಕೊನೆಗೆ ಟಿಇ ಬಫರ್ (ಡಿಎನ್ಎ ಕರಗಿಸಿಡೋ, ಇಡಿಟಿಎ ಇರೋ ದ್ರಾವಣ).

ಜೆಲ್‌ನಲ್ಲಿ ಮೇಲ್ಗಡೆ ಗಟ್ಟಿ ಬ್ಯಾಂಡ್ ಇದೆ, ಸ್ಮಿಯರ್ ಇಲ್ಲ, ಅಂದ್ರೆ ಡಿಎನ್ಎ ಚೂರಾಗಿಲ್ಲ. 260/280 ಅನುಪಾತ (ಪ್ರೋಟೀನ್ ಕಲಬೆರಕೆ ತೋರಿಸೋದು) 1.82, ಸರಿಯಾಗೇ ಇದೆ. ಆದರೆ 260/230 (ಕಡಿಮೆಯಾದ್ರೆ ಉಪ್ಪು ಮುಂತಾದ ಕಲ್ಮಶ ಇದೆ ಅಂತ) ಬರೀ 0.7! ಬೀಟಾ ಗ್ಲೋಬಿನ್‌ನ 268 ಬಿಪಿ (ಬೇಸ್ ಜೋಡಿ) ಬ್ಯಾಂಡ್ ಬರೋದೇ ಇಲ್ಲ. ಪಾಸಿಟಿವ್ ಕಂಟ್ರೋಲ್ (ಬ್ಯಾಂಡ್ ಬಂದೇ ಬರಬೇಕಾದ ಮಾದರಿ) ಸರಿಯಾಗಿದೆ, ಹಾಗಾಗಿ ಪ್ರೈಮರ್ (ನಕಲು ಶುರುಮಾಡೋ ಚಿಕ್ಕ ಡಿಎನ್ಎ ತುಣುಕು), ಟ್ಯಾಕ್ (ನಕಲು ಮಾಡೋ ಕಿಣ್ವ) ಎರಡರ ಮೇಲೂ ಅನುಮಾನ ಇಲ್ಲ.

ಮೆಗ್ನೀಸಿಯಂ 1.5ರಿಂದ 2.5 ಮಿಲಿಮೋಲಾರ್‌ಗೆ ಏರಿಸಿದ್ರೂ ಏನೂ ಬದಲಾಗ್ಲಿಲ್ಲ. ಅಂದ್ರೆ ಟಿಇನಲ್ಲಿರೋ ಇಡಿಟಿಎ ಒಂದೇ ಕಾರಣ ಅಲ್ಲ ಅನ್ಸತ್ತೆ. 70% ಎಥನಾಲ್‌ನಲ್ಲಿ ಇನ್ನೊಂದು ಸಲ ತೊಳೆದಾಗ 260/230 1.1ಕ್ಕೆ ಬಂತು, ಪಿಸಿಆರ್ ಆಗ್ಲಿಲ್ಲ. ಹತ್ತು ಪಟ್ಟು ತೆಳು ಮಾಡಿದಾಗ ಮಾತ್ರ ಮಸುಕಾಗಿ ಬ್ಯಾಂಡ್ ಕಾಣ್ತು. ಹಾಗಾದ್ರೆ ಯಾವುದೋ ಇನ್ಹಿಬಿಟರ್ (ಪಿಸಿಆರ್ ತಡೆಯೋ ವಸ್ತು) ಕೂತಿದೆ. ಪೆಲೆಟ್ (ತಳದಲ್ಲಿ ಕೂತ ಡಿಎನ್ಎ ಮುದ್ದೆ) ಅಂಚು ತಿಳಿ ಚಹಾ ಬಣ್ಣಕ್ಕಿದೆ, ಅದು ಹೀಮ್ (ರಕ್ತದ ಕೆಂಪು ಬಣ್ಣದ ಅಂಶ) ಇರಬಹುದಾ?

ರಕ್ತ ಮತ್ತೆ ಸಿಗಲ್ಲ, ಇರೋ ಡಿಎನ್ಎಯನ್ನೇ ಉಳಿಸ್ಕೋಬೇಕು. ಪಿಸಿಆರ್ ಮಿಶ್ರಣಕ್ಕೆ ಬಿಎಸ್‌ಎ (ಇನ್ಹಿಬಿಟರ್ ಹಿಡಿದಿಡೋ ಪ್ರೋಟೀನ್) ಸೇರಿಸಿದ್ರೆ ಸಾಕಾ, ಇಲ್ಲಾ ಡಿಎನ್ಎಯನ್ನ ಕಾಲಮ್‌ನಲ್ಲಿ ಮತ್ತೆ ಶುದ್ಧ ಮಾಡ್ಲೇಬೇಕಾ? ಬಿಎಸ್‌ಎ ಆದ್ರೆ 25 ಮೈಕ್ರೋಲೀಟರ್ ರಿಯಾಕ್ಷನ್‌ಗೆ ಎಷ್ಟು ಹಾಕ್ಬೇಕು?